ನಗಾರಖಾನೆಯಲ್ಲಿ ಉಳಿದದ್ದು

ಗೋಳಗುಮ್ಮಟ ನೋಡಲು ಬರುವವರಿಗೆ ಯಾವಾಗಲೂ ಒಂದು ಅವಸರ. ಟಾಂಗಾದಿಂದಲೋ ಶಾಲಾ ಪ್ರವಾಸದ ಬಸ್ಸಿನಿಂದಲೋ ಇಳಿದವರೇ ಟಿಕೆಟು ಕೊಂಡು, ತೋಟದ ಹಾದಿಯಲ್ಲಿ ಬಿರಬಿರನೆ ನಡೆದು, ಏಳಂತಸ್ತಿನ ಮೂಲೆಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಪಿಸುಗುಟ್ಟುವ ಮೊಗಸಾಲೆ ಸೇರುತ್ತಾರೆ. ಅಲ್ಲಿ ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ತಮ್ಮ ಹೆಸರನ್ನು ತಾವೇ ಕರೆದುಕೊಳ್ಳುತ್ತಾರೆ. ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುವುದು ಊರಿನ ಲೆಕ್ಕ. ಆ ಗದ್ದಲದಲ್ಲಿ ಏಳನ್ನು ಎಣಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಹೀಗೆ ಓಡುವವರೆಲ್ಲ ಒಂದು ಕಟ್ಟಡವನ್ನು ದಾಟಿಕೊಂಡೇ ಹೋಗಬೇಕು. ಗುಮ್ಮಟದ ಎದುರಿಗೇ, ದಕ್ಷಿಣ ದಿಕ್ಕಿಗೆ ಬಾಗಿಲಿನಂತೆ ನಿಂತಿರುವ ನಗಾರಖಾನೆ ಅದು. ಹೊತ್ತುಹೊತ್ತಿಗೆ ನಗಾರಿ, ನೌಬತ್ತು ನುಡಿಸಲೆಂದು ಕಟ್ಟಿದ್ದು. ಈಗ ಅದರೊಳಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ನನ್ನನ್ನು ಕರೆತಂದ ಟಾಂಗಾದವರು ವಯಸ್ಸಾದವರು. ಮ್ಯೂಸಿಯಂ ನೋಡಬೇಕೆಂದು ಬಂದಿದ್ದೇನೆ ಎಂದಾಗ ಅವರಿಗೆ ನನ್ನ ಮೇಲೆ ಕನಿಕರ ಬಂದಂತಿತ್ತು. "ಮೊದಲ ಗುಮ್ಮಟ ಹತ್ತಿ ಬರ್ರಿ ಸಾಹೇಬ್ರ. ಅದರಾಗ ಏನೈತ್ರಿ, ಬರೀ ಹಳೀ ಕಲ್ಲು ಅದಾವ" ಎಂದರು.

ಹಳೆಯ ಕಲ್ಲುಗಳಿರುವುದು ನಿಜವೇ. ಆದರೆ ಆ ಕಲ್ಲುಗಳ ನಡುವೆ ಒಂದು ಗಂಟೆ ಕಳೆದು ಹೊರಗೆ ಬಂದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಒಂದು ಕಾಲಕ್ಕೆ ಇಡೀ ದಖನ್ನಿನ ಚಿತ್ರಕಾರರನ್ನು, ಲಿಪಿಕಾರರನ್ನು, ಗಾಯಕರನ್ನು ತನ್ನತ್ತ ಸೆಳೆದ ಊರಿದು. ಆ ಊರಿನ ಕಲೆಯಲ್ಲಿ ಊರಿಗೆ ಉಳಿದದ್ದೆಷ್ಟು? ಉಳಿದದ್ದು ಈ ನಗಾರಖಾನೆಯ ಕೋಣೆಗಳಲ್ಲಿದೆ. ಉಳಿಯದೇ ಹೋದದ್ದರ ಲೆಕ್ಕ ತೆಗೆಯಬೇಕಾದರೆ ಲಂಡನ್, ಡಬ್ಲಿನ್, ನ್ಯೂಯಾರ್ಕ್, ಪ್ರಾಗ್ ಎಂದು ಭೂಪಟ ಹಿಡಿದು ಕೂರಬೇಕು.

ಮೊದಲು ಇಲ್ಲಿರುವುದನ್ನು ನೋಡೋಣ. ಅರಬ್ಬಿ, ಫಾರಸಿ, ಕನ್ನಡ, ಸಂಸ್ಕೃತ ಭಾಷೆಗಳ ಶಿಲಾಶಾಸನಗಳಿವೆ. ಬ್ರಾಹ್ಮಣ, ಜೈನ ಪರಂಪರೆಗಳ ಶಿಲ್ಪಗಳಿವೆ, ವೀರಗಲ್ಲುಗಳಿವೆ. ಹಸ್ತಪ್ರತಿ, ಫರ್ಮಾನು, ಸನದುಗಳಿವೆ. ನಾಣ್ಯ, ಆಯುಧ, ಬಿದರಿ ಪಾತ್ರೆ, ಚೀನಿ ಪಿಂಗಾಣಿ, ಮರದ ಕೆತ್ತನೆ, ಚಿಕಣಿ ಚಿತ್ರ, ರತ್ನಗಂಬಳಿಗಳಿವೆ. ಕಾಲದ ಲೆಕ್ಕದಲ್ಲಿ ಬಾದಾಮಿ ಚಾಲುಕ್ಯರ ದಿನಗಳಿಂದ ಹಿಡಿದು ಬ್ರಿಟಿಷರ ದಿನಗಳವರೆಗೆ ಹರಡಿಕೊಂಡ ಸಂಗ್ರಹ. ಬಿಜಾಪುರವೆಂದರೆ ಆದಿಲ್‌ಶಾಹಿಗಳ ಊರು, ಅದಕ್ಕೂ ಮೊದಲು ಇಲ್ಲಿ ಏನೂ ಇರಲಿಲ್ಲ ಎಂದು ತಿಳಿದವರಿಗೆ ಇದೊಂದು ಪಾಠ. ಆದಿಲ್‌ಶಾಹಿಗಳೆಲ್ಲ ಹೊರಗಿನಿಂದ ಬಂದು ಹೊರಗೇ ಉಳಿದವರು ಎಂದು ತಿಳಿದವರಿಗೂ ಇದೊಂದು ಪಾಠ. 11ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ, ಈ ಊರಿನ ಕನ್ನಡ ಶಾಸನ ಇದನ್ನು ವಿಜಯಪುರವೆಂದೇ ಕರೆದಿದೆ. 2014ರ ನವೆಂಬರ್ 1ರಂದು ಸರ್ಕಾರ ಊರಿನ ಹೆಸರನ್ನು ಅಧಿಕೃತವಾಗಿ ವಿಜಯಪುರವೆಂದು ಬದಲಾಯಿಸಿದಾಗ ಕೆಲವರು ಸಂಭ್ರಮಪಟ್ಟರು, ಕೆಲವರು ನೊಂದುಕೊಂಡರು. ಎರಡೂ ಹೆಸರುಗಳು ಈ ಊರಿನ ಬಾಯಲ್ಲಿ ಶತಮಾನಗಳಿಂದ ಇದ್ದವು. ಈ ಬರಹದಲ್ಲಿ ನಾನು ಬಿಜಾಪುರ ಎಂದೇ ಬರೆಯುತ್ತೇನೆ. ಹಳೆಯ ರೂಢಿ ಬಿಡುವುದು ಕಷ್ಟ.

ನನ್ನ ಕಾಲು ತಡೆದು ನಿಲ್ಲಿಸಿದ್ದು ರತ್ನಗಂಬಳಿಗಳು. ಇವು ಆಸಾರ್ ಮಹಲಿನಿಂದ ಬಂದವು. ಆಸಾರ್ ಮಹಲು ಇಲ್ಲಿಂದ ಬಹಳ ದೂರವೇನಿಲ್ಲ, ಕೋಟೆಯ ಕಂದಕದ ಮಗ್ಗುಲಲ್ಲಿದೆ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನೇ ಸುಮಾರು 1646ರಲ್ಲಿ ಅದನ್ನು ನ್ಯಾಯ ಸಭೆಯೆಂದು ಕಟ್ಟಿಸಿದ. ಆ ಮೇಲೆ ಪ್ರವಾದಿಯವರ ಪವಿತ್ರ ಕೇಶವೆಂದು ನಂಬಲಾದ ಅವಶೇಷವನ್ನು ಅಲ್ಲಿ ಇಟ್ಟಿದ್ದರಿಂದ ಆ ಹೆಸರು ಬಂತು. ಕೊಳದ ಕಡೆಗೆ ಮುಖ ಮಾಡಿ ನಿಂತ ಎತ್ತರದ ಮರದ ಕಂಬಗಳು, ಒಳಗಿನ ಗೋಡೆಗಳ ಮೇಲೆ ಮಾಸಿದ ಬಣ್ಣದ ಚಿತ್ರಗಳು. ಅಲ್ಲಿ ಹಾಸಿದ್ದ ಗಂಬಳಿಗಳ ಮೇಲೆ ಎಷ್ಟು ಮಂದಿ ಕುಳಿತರೋ, ಎಷ್ಟು ಹಣೆಗಳು ಅದರ ಉಣ್ಣೆಗೆ ತಾಗಿದವೋ! ಸವೆದ ಜಾಗ, ಹರಿದ ಅಂಚು, ಕಳೆಗುಂದಿದ ಕೆಂಪು. ಯಾವುದೋ ದೊಡ್ಡ ನಗರದ ಗಾಜಿನ ಮನೆಯಲ್ಲಿ ಇದೇ ಗಂಬಳಿಯನ್ನು ಕಂಡಿದ್ದರೆ ಅದರ ಬೆಲೆ ಎಷ್ಟೆಂದು ಯೋಚಿಸುತ್ತಿದ್ದೆನೋ ಏನೋ. ಇಲ್ಲಿ ಅದನ್ನು ಹಾಸಿದ್ದ ಮನೆಗೆ ನಡೆದೇ ಹೋಗಿ ಬರಬಹುದು. ಊರಿನ ಸಂಗ್ರಹಾಲಯಕ್ಕೂ ದೇಶಾಂತರದ ಸಂಗ್ರಹಾಲಯಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆ ಗಂಬಳಿಯ ಮುಂದೆ.

ಗಂಬಳಿಗಳು ಉಳಿದವು, ಪುಸ್ತಕಗಳು ಉಳಿಯಲಿಲ್ಲ. ಆಸಾರ್ ಮಹಲಿನಲ್ಲಿ ಆದಿಲ್‌ಶಾಹಿಗಳ ಗ್ರಂಥಭಂಡಾರದ ಉಳಿಕೆಯಿತ್ತು. ಔರಂಗಜೇಬ್ ಬಂಡಿಗಟ್ಟಲೆ ಪುಸ್ತಕಗಳನ್ನು ಸಾಗಿಸಿದ ಎಂಬ ಮಾತು ಊರಿನಲ್ಲಿ ಬಹಳ ಹಿಂದಿನಿಂದ ಇದೆ. ಅದಾದ ಮೇಲೆಯೂ ಸಾಕಷ್ಟು ಉಳಿದಿದ್ದವು. 1686ರಲ್ಲಿ ಮೊಗಲರ ಕೈಸೇರಿದ ಬಿಜಾಪುರ ಮುಂದೆ ನಿಜಾಮರಿಗೆ, ಅವರಿಂದ ಪೇಶ್ವೆಗಳಿಗೆ, 1818ರ ನಂತರ ಸಾತಾರದ ರಾಜರಿಗೆ ಸೇರಿತು. 1848ರಲ್ಲಿ ಸಾತಾರದ ರಾಜ ಔರಸ ಸಂತಾನವಿಲ್ಲದೆ ತೀರಿಕೊಂಡಾಗ ಕಂಪನಿ ಸರ್ಕಾರ ಆ ಸಂಸ್ಥಾನವನ್ನೇ ನುಂಗಿತು, ಅದರ ಜೊತೆಗೆ ಬಿಜಾಪುರವೂ ಹೋಯಿತು. ಸಾತಾರದ ಅಧಿಕಾರಿಯಾಗಿದ್ದ ಬಾರ್ಟಲ್ ಫ್ರೆರೆಯ ಕಾಲದಲ್ಲಿ ಈ ಗ್ರಂಥಗಳ ಪಟ್ಟಿ ತಯಾರಾಯಿತು. 1853ರಲ್ಲಿ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಲಂಡನ್ನಿನ ದಾರಿ ಹಿಡಿದವು. ಅಲ್ಲಿ ಇಂಡಿಯಾ ಆಫೀಸ್ ಗ್ರಂಥಾಲಯ ಸೇರಿ, 1877ರಲ್ಲಿ ಆಟೋ ಲೋತ್ ಎಂಬ ಜರ್ಮನ್ ವಿದ್ವಾಂಸ ಸಿದ್ಧಪಡಿಸಿದ ಅರಬ್ಬಿ ಹಸ್ತಪ್ರತಿಗಳ ಸೂಚಿಯಲ್ಲಿ ದಾಖಲಾದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಹಲವು ಪುಸ್ತಕಗಳ ಹಾಳೆಗಳ ಮೇಲೆ ಬಿಜಾಪುರದ ಸುಲ್ತಾನರ ಮುದ್ರೆಗಳು ಹಾಗೇ ಇವೆ.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಆ ಪುಸ್ತಕಗಳು ಆಸಾರ್ ಮಹಲಿನಲ್ಲೇ ಇದ್ದಿದ್ದರೆ ಏನಾಗುತ್ತಿತ್ತು? ಗೆದ್ದಲಿಗೆ, ಮಳೆನೀರಿಗೆ, ರದ್ದಿ ವ್ಯಾಪಾರಿಗೆ ಆಹಾರವಾಗುತ್ತಿರಲಿಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲೆವೆ? ನಮ್ಮ ಎಷ್ಟು ದರ್ಗಾ, ಮಠ, ಮನೆಗಳ ಅಟ್ಟದ ಮೇಲೆ ಕಾಗದಗಳು ಪುಡಿಯಾಗಿ ಹೋಗಿಲ್ಲ? ಲಂಡನ್ನಿನಲ್ಲಿ ಅವು ಉಳಿದಿವೆ, ಅವುಗಳಿಗೊಂದು ಸೂಚಿ ಇದೆ. ಇದನ್ನು ಒಪ್ಪಿಕೊಂಡ ಮೇಲೂ ಇನ್ನೊಂದು ಮಾತು ಉಳಿಯುತ್ತದೆ. ಪುಸ್ತಕಗಳನ್ನು ಕಾಪಾಡಲೆಂದು ಒಯ್ದ ಅದೇ ಸರ್ಕಾರ ಮರುವರ್ಷ ಏನು ಮಾಡಿತು ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, 55 ಟನ್ ತೂಕದ, ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿಯಂಥ ಮುಖವಿರುವ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಗುಜರಿ ಲೋಹವೆಂದು ಹರಾಜಿಗಿಟ್ಟರು. ಬಂದ ಬೆಲೆ 150 ರೂಪಾಯಿ! ಯಾರೋ ತಿಳಿದವರ ಕಣ್ಣಿಗೆ ಬಿದ್ದು ಮಾರಾಟ ರದ್ದಾಯಿತು. ಅದಿಂದಿಗೂ ಷೇರ್ಜಾ ಬುರುಜಿನ ಮೇಲೆ ಕೂತಿದೆ. ಪುಸ್ತಕ ಹಗುರ, ಹಡಗು ಹತ್ತಿತು. ತೋಪು ಭಾರ, ಊರಲ್ಲೇ ಉಳಿಯಿತು. ಸಂರಕ್ಷಣೆಯ ಸಿದ್ಧಾಂತಗಳಿಗಿಂತ ತೂಕವೇ ಎಷ್ಟೋ ವಸ್ತುಗಳ ಹಣೆಬರಹ ಬರೆದಿದೆ ಅನ್ನಿಸುತ್ತದೆ.

1885ರ ಹೊತ್ತಿಗೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಕಚೇರಿಗಳಿಗೆ ಜಾಗ ಬೇಕಲ್ಲ? ಹಳೆಯ ಅರಮನೆಗಳಿದ್ದವು. ಚೀನಿ ಮಹಲು ಸರ್ಕಾರಿ ಕಚೇರಿಯಾಯಿತು. ಒಂದು ಮಸೀದಿ ಪ್ರವಾಸಿ ಬಂಗಲೆಯಾಯಿತು, ಬುಖಾರಾ ಮಸೀದಿ ಅಂಚೆ ಕಚೇರಿಯಾಯಿತು. ಮುಂದೆ ವೈಸರಾಯ್ ಕರ್ಜನ್ ಇವೆರಡು ಮಸೀದಿಗಳನ್ನು ತೆರವು ಮಾಡಿಸಿದ. ಅದೇ ಕಾಲದಲ್ಲಿ ಊರಿನ ಕಟ್ಟಡಗಳನ್ನು ಅಳೆದು, ಬರೆದು, ಫೋಟೋ ಹಿಡಿದವನು ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್. 1916ರಲ್ಲಿ ಬಂದ ಅವನ ದೊಡ್ಡ ಗ್ರಂಥವನ್ನು ಬಿಟ್ಟು ಇಂದಿಗೂ ಯಾರೂ ಬಿಜಾಪುರದ ಬಗ್ಗೆ ಬರೆಯಲಾರರು. ಚೀನಿ ಮಹಲಿಗೆ ಆ ಹೆಸರು ಅಲ್ಲಿ ಸಿಕ್ಕ ಪಿಂಗಾಣಿ ಚೂರುಗಳಿಂದ ಬಂತು ಎನ್ನುತ್ತಾರೆ. ನಗಾರಖಾನೆಯ ಸಂಗ್ರಹದಲ್ಲಿ ಚೀನಿ ಪಿಂಗಾಣಿ ಇರುವುದನ್ನು ನೋಡಿದಾಗ ಸಮುದ್ರ ಈ ಒಣ ಬಯಲಿಗೆ ಎಷ್ಟು ಹತ್ತಿರವಿತ್ತೆಂದು ಹೊಳೆಯುತ್ತದೆ. 1510ರಲ್ಲಿ ಪೋರ್ಚುಗೀಸರು ಕಸಿದುಕೊಳ್ಳುವವರೆಗೆ ಗೋವೆ ಆದಿಲ್‌ಶಾಹಿಗಳದೇ ಬಂದರು.

ಈಗ ಚಿತ್ರಗಳ ವಿಷಯ. ಬಿಜಾಪುರದ ಕಲೆಯೆಂದರೆ ನಮಗೆ ಕಟ್ಟಡ ಮಾತ್ರ ನೆನಪಾಗುತ್ತದೆ, ಕಟ್ಟಡವನ್ನು ಯಾರೂ ಹೊತ್ತೊಯ್ಯಲಾಗಲಿಲ್ಲವಲ್ಲ. ಆದರೆ 16, 17ನೆಯ ಶತಮಾನಗಳಲ್ಲಿ ಇಲ್ಲಿ ಬರೆದ ಚಿಕಣಿ ಚಿತ್ರಗಳು ಲೋಕದ ಚಿತ್ರಕಲೆಯಲ್ಲೇ ವಿಶಿಷ್ಟವೆಂದು ಇಂದು ಕಲಾ ಇತಿಹಾಸಕಾರರು ಒಪ್ಪುತ್ತಾರೆ. ಮೊಗಲ್ ಚಿತ್ರಗಳಲ್ಲಿ ಯುದ್ಧ, ಬೇಟೆ, ದರ್ಬಾರು. ಎಲ್ಲವೂ ಕಂಡಂತೆ, ಲೆಕ್ಕವಿಟ್ಟಂತೆ. ಬಿಜಾಪುರದ ಚಿತ್ರಗಳಲ್ಲಿ ಕನಸಿನ ಬಣ್ಣಗಳು. ಚಿನ್ನದ ಆಕಾಶ, ನೇರಳೆ ಬಂಡೆ, ಕಡುಹಸಿರು ಗಿಡಗಳ ನಡುವೆ ಮೈನಾ ಹಕ್ಕಿಯ ಜೊತೆ ಮಾತಾಡುತ್ತಿರುವ ಯೋಗಿನಿ. ಆ ಯೋಗಿನಿ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದ್ದಾಳೆ. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರ ಸುಮಾರಿಗೆ ಸಿದ್ಧವಾದ 'ನುಜೂಮುಲ್ ಉಲೂಮ್' ಎಂಬ ಸಚಿತ್ರ ಗ್ರಂಥವೂ ಅಲ್ಲೇ ಇದೆ. ಗ್ರಹ ನಕ್ಷತ್ರಗಳು, ಆಯುಧಗಳು, ಆನೆ ಕುದುರೆಗಳು, ತಾಂತ್ರಿಕ ದೇವತೆಗಳು, ಎಲ್ಲವನ್ನೂ ನೂರಾರು ಚಿತ್ರಗಳಲ್ಲಿ ತುಂಬಿಕೊಂಡ ವಿಚಿತ್ರ ವಿಶ್ವಕೋಶ ಅದು. ಒಬ್ಬ ಮುಸಲ್ಮಾನ ದೊರೆಯ ಗ್ರಂಥಾಲಯದಲ್ಲಿ ಯೋಗಿನಿಯರಿಗೇನು ಕೆಲಸ ಎಂದು ಇಂದಿನವರು ಕೇಳಬಹುದು. ಅಂದಿನವರಿಗೆ ಆ ಪ್ರಶ್ನೆ ಹೊಳೆದಂತಿಲ್ಲ.

ಈ ಪರಂಪರೆಯ ಶಿಖರವೆಂದರೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ. 1580ರಿಂದ 1627ರವರೆಗೆ ಆಳಿದವನು, ಜನ ಜಗದ್ಗುರು ಎಂದು ಕರೆದವನು. ಅವನ 'ಕಿತಾಬೆ ನೌರಸ್' ರಾಗಗಳಿಗೆ ಹೊಂದಿಸಿದ 59 ಹಾಡುಗಳ ಸಂಕಲನ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣೇಶನಿದ್ದಾನೆ, ಕಲಬುರಗಿಯ ಬಂದೇ ನವಾಜರಿದ್ದಾರೆ. ತನ್ನ ಆನೆ ಆತಶ್ ಖಾನನ ಮೇಲೂ, 'ಮೋತಿ ಖಾನ್' ಎಂದು ಹೆಸರಿಟ್ಟ ತನ್ನ ತಂಬೂರಿಯ ಮೇಲೂ ಹಾಡು ಕಟ್ಟಿದ್ದಾನೆ. ವಾದ್ಯಕ್ಕೊಂದು ಹೆಸರಿಟ್ಟು ಖಾನನ ಪದವಿ ಕೊಟ್ಟ ಬೇರೆ ದೊರೆ ನನಗೆ ಗೊತ್ತಿಲ್ಲ. ಅವನ ಹಾಡುಗಳನ್ನು ಅಂದವಾಗಿ ಬರೆದುಕೊಟ್ಟ ಲಿಪಿಕಾರ ಖಲೀಲುಲ್ಲಾನಿಗೆ 'ಲೇಖನಿಯ ಬಾದಶಹ' ಎಂಬ ಬಿರುದು ಕೊಟ್ಟನಂತೆ. ಈ ಇಬ್ರಾಹಿಮನನ್ನು ಕಣ್ಣಾರೆ ನೋಡಬೇಕೆ? ಕೈಯಲ್ಲಿ ಚಿಟಿಕೆ ವಾದ್ಯ ಹಿಡಿದು, ಪಾರದರ್ಶಕ ಮಲ್ಮಲ್ ಅಂಗಿ ತೊಟ್ಟು ನಿಂತ ಇಬ್ರಾಹಿಂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದಾನೆ. ಕುಳಿತು ತಂಬೂರಿ ನುಡಿಸುವ ಇಬ್ರಾಹಿಂ ಪ್ರಾಗ್ ನಗರದ ಸಂಗ್ರಹಾಲಯವೊಂದರಲ್ಲಿದ್ದಾನೆ. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖನ್ನಿನ ಸುಲ್ತಾನರ ಕಲೆಯ ಬಗ್ಗೆ ದೊಡ್ಡ ಪ್ರದರ್ಶನ ನಡೆಸಿತು. ಬೇರೆ ಬೇರೆ ಸಂಗ್ರಹಗಳಿಂದ ಸುಮಾರು 200 ಕೃತಿಗಳು ಒಂದೆಡೆ ಸೇರಿದ್ದವು. ಅದೇ ವರ್ಷ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ 'ನೌರಸ್' ಎಂಬ ಹೆಸರಿನಲ್ಲೇ ದಖನ್ನಿನ ಕಲೆಗಳ ಪ್ರದರ್ಶನ ಏರ್ಪಡಿಸಿತ್ತು. ನ್ಯೂಯಾರ್ಕಿನವರು ನೋಡಿದರು, ದೆಹಲಿಯವರು ನೋಡಿದರು. ನೌರಸ್‌ಪುರದ ಪಾಳುಗೋಡೆಗಳ ಪಕ್ಕದಲ್ಲಿ ಜೋಳ ಬಿತ್ತುವವರು ನೋಡಲಿಲ್ಲ.

ಎಲ್ಲವನ್ನೂ ಬಿಳಿಯರ ತಲೆಗೆ ಕಟ್ಟುವುದು ಸುಲಭ, ಆದರೆ ಸರಿಯಲ್ಲ. 1686ರಲ್ಲಿ ಔರಂಗಜೇಬ್ ಬಿಜಾಪುರ ಹೊಕ್ಕಾಗ ಅರಮನೆಯ ಗೋಡೆಗಳ ಮೇಲಿನ ಚಿತ್ರಗಳನ್ನು ಧರ್ಮಕ್ಕೆ ವಿರುದ್ಧವೆಂದು ಅಳಿಸಲು ಆಜ್ಞೆಯಿತ್ತನೆಂದು ಅವನನ್ನು ಹೊಗಳಲೆಂದೇ ಬರೆದ 'ಮಆಸಿರೆ ಆಲಂಗೀರಿ' ಹೇಳುತ್ತದೆ. ಬಿಜಾಪುರವನ್ನು ಗೆದ್ದವನೂ ಕಲಿಮಾ ಓದಿದವನೇ, ಸೋತವನೂ ಕಲಿಮಾ ಓದಿದವನೇ. ಇದನ್ನು ಹಿಂದೂ ಮುಸ್ಲಿಂ ಯುದ್ಧವೆಂದು ಓದುವವರಿಗೆ ಇದು ಇರುಸುಮುರುಸು. ಮುಸ್ಲಿಂ ಆಳ್ವಿಕೆಯೆಂದರೆ ಒಂದೇ ಬಣ್ಣದ ಸುವರ್ಣಯುಗವೆಂದು ಓದುವ ನಮ್ಮಲ್ಲಿ ಕೆಲವರಿಗೂ ಅಷ್ಟೇ ಇರುಸುಮುರುಸು. ಇಬ್ರಾಹಿಮನನ್ನು ಎತ್ತಿ ಹಿಡಿಯುವಾಗ ಔರಂಗಜೇಬನ ಆ ಆಜ್ಞೆಯನ್ನೂ ಓದಬೇಕಾಗುತ್ತದೆ.

ಸಂಗ್ರಹಾಲಯದ ಶಿಲ್ಪಗಳ ಮುಂದೆ ನಿಂತಾಗಲೂ ಇದೇ ಪರೀಕ್ಷೆ. ಬಿಜಾಪುರದಲ್ಲಿ ಕರೀಮುದ್ದೀನ್ ಮಸೀದಿ ಇದೆ, ಕಾಲ 1320. ಅದರ ಕಂಬಗಳು ದೇವಾಲಯಗಳಿಂದ ಬಂದವು, ಇದರಲ್ಲಿ ಅನುಮಾನವಿಲ್ಲ, ಮುಚ್ಚಿಡುವುದೂ ಬೇಡ. ಅದೇ ಮಸೀದಿಯಲ್ಲಿ ನಾಗರಿ ಅಕ್ಷರಗಳ ಒಂದು ಶಾಸನವಿದೆ. ಇದನ್ನು ಕಟ್ಟಿದವನು ಸಾಲೋಟಗಿಯ ಬಡಗಿ ರೇವಯ್ಯ ಎಂದು ಅದು ಹೇಳುತ್ತದೆ. ಸಾಲೋಟಗಿ ಇಂಡಿ ತಾಲೂಕಿನ ಊರು, ರಾಷ್ಟ್ರಕೂಟರ ಕಾಲದಲ್ಲೇ ದೊಡ್ಡ ವಿದ್ಯಾಕೇಂದ್ರ. ದೇವಾಲಯದ ಕಂಬಗಳನ್ನು ಮಸೀದಿಗೆ ನಿಲ್ಲಿಸುವಾಗ ಆ ರೇವಯ್ಯನ ಮನಸ್ಸಿನಲ್ಲಿ ಏನಿತ್ತೋ? ಹೊಟ್ಟೆಪಾಡೋ, ಭಯವೋ, ಕಸುಬಿನ ಹೆಮ್ಮೆಯೋ? ಹೆಮ್ಮೆಯಿರದಿದ್ದರೆ ಹೆಸರು ಕೆತ್ತಿಸುತ್ತಿರಲಿಲ್ಲ ಎಂದು ನನ್ನ ಊಹೆ. ಟೀವಿ ಚರ್ಚೆಯಲ್ಲಿ ಒಬ್ಬ ಕಂಬಗಳನ್ನು ಮಾತ್ರ ತೋರಿಸುತ್ತಾನೆ, ಇನ್ನೊಬ್ಬ ರೇವಯ್ಯನನ್ನು ಮಾತ್ರ ತೋರಿಸುತ್ತಾನೆ. ಕಲ್ಲಿನ ಮುಂದೆ ಹೋಗಿ ನಿಂತವನಿಗೆ ಎರಡನ್ನೂ ನೋಡದೆ ಬೇರೆ ದಾರಿಯಿಲ್ಲ. ಅರಬ್ಬಿ ಶಾಸನ, ಕನ್ನಡ ಶಾಸನ, ಜೈನ ಶಿಲ್ಪ, ವೀರಗಲ್ಲುಗಳೆಲ್ಲ ಒಂದೇ ಸೂರಿನಡಿ ಇರುವ ನಗಾರಖಾನೆಯಂಥ ಜಾಗಗಳು ಊರಿಗೆ ಬೇಕಾಗಿರುವುದು ಇದಕ್ಕಾಗಿ.

ಇನ್ನೊಂದು ವಿಷಯ ಬಿಜಾಪುರದ ಮುಸಲ್ಮಾನರ ಮನೆಯೊಳಗಿನದು. ಕಿತಾಬೆ ನೌರಸ್‌ನ ಭಾಷೆ ದಖನಿ. ಇಂದಿಗೂ ಬಿಜಾಪುರ, ಕಲಬುರಗಿ, ರಾಯಚೂರುಗಳ ಅಡುಗೆಮನೆಗಳಲ್ಲಿ ಕೇಳಿಬರುವುದು ಅದೇ ದಖನಿಯ ಮೊಮ್ಮಗಳು. ಬೇಡ ಎನ್ನಲು 'ನಕ್ಕೋ', ಹೌದು ಎನ್ನಲು 'ಹೌ'. ಮೊದಲನೆಯದು ಮರಾಠಿಯ ಸಾಲ, ಎರಡನೆಯದಕ್ಕೆ ಕನ್ನಡದ 'ಹೌದು' ನೆರೆಮನೆ. ಶಾಲೆಯಲ್ಲಿ ಚಂದದ ಉರ್ದು ಕಲಿತ ಮಕ್ಕಳು ಮನೆಗೆ ಬಂದು "ದಾದಿ, ನಕ್ಕೋ ಅನ್ನಬೇಡಿ, ನಹೀಂ ಅನ್ನಿ" ಎಂದು ತಿದ್ದುವುದನ್ನು ನಾನೇ ಕೇಳಿದ್ದೇನೆ. ದಾದಿ ನಗುತ್ತಾರೆ, ಸ್ವಲ್ಪ ನಾಚಿಕೊಳ್ಳುತ್ತಾರೆ. ಆ ನಾಚಿಕೆ ನನ್ನನ್ನು ಚುಚ್ಚುತ್ತದೆ. ಅವರದು ಕೆಟ್ಟ ಉರ್ದುವಲ್ಲ. ದೆಹಲಿಯಲ್ಲಿ ಉರ್ದು ಕಾವ್ಯ ತಲೆಯೆತ್ತುವ ಮೊದಲೇ ಇಲ್ಲಿ ದೊರೆಗಳು ಹಾಡು ಬರೆದ ಭಾಷೆ. ಎರಡನೆಯ ಅಲಿ ಆದಿಲ್‌ಶಾಹನ ಆಸ್ಥಾನಕವಿ ನುಸ್ರತಿ 'ಗುಲ್ಶನೆ ಇಷ್ಕ್' ಬರೆದದ್ದು ಅದರಲ್ಲಿ. ಆ ಕಾವ್ಯದ 1743ರ ಒಂದು ಸಚಿತ್ರ ಪ್ರತಿ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಬಿಜಾಪುರದ ಸೂಫಿಗಳು ಹೆಣ್ಣುಮಕ್ಕಳು ಬೀಸುವಾಗ ಹಾಡಲೆಂದು 'ಚಕ್ಕಿನಾಮಾ'ಗಳನ್ನು ಕಟ್ಟಿದ್ದೂ ಅದೇ ಭಾಷೆಯಲ್ಲಿ. ಬೀಸುವ ಕಲ್ಲಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ತತ್ವ ಹೇಳಿದ ಹಾಡುಗಳವು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಪುಸ್ತಕ ಬರೆದಾಗ ಅವುಗಳ ಮಹತ್ವ ಹೊರಲೋಕಕ್ಕೆ ತಿಳಿಯಿತು. ಬೀಸುವ ಕಲ್ಲು ಸರಿಯಿತು, ಗಿರಣಿ ಬಂತು. ಹಾಡು ಯಾವ ಗಾಜಿನ ಪೆಟ್ಟಿಗೆಯಲ್ಲೂ ಕೂರುವ ವಸ್ತುವಲ್ಲ.

ಊರಿನವರು ಸುಮ್ಮನೆ ಕುಳಿತಿಲ್ಲ ಎನ್ನುವುದನ್ನೂ ಹೇಳಬೇಕು. ಬಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಫಾರಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಯೋಜನೆ ಕೈಗೊಂಡಿತು. ಅದರ ಹಿಂದಿನ ದೊಡ್ಡ ಶಕ್ತಿ ಎಂ.ಎಂ. ಕಲಬುರ್ಗಿಯವರು. ವಚನಗಳನ್ನು ಸಂಗ್ರಹಿಸಿ ಉಳಿಸಿದ ಹಳಕಟ್ಟಿಯವರ ಹೆಸರಿನ ಕೇಂದ್ರದಲ್ಲಿ, ವಚನ ಸಾಹಿತ್ಯದ ದೊಡ್ಡ ವಿದ್ವಾಂಸರ ಮುಂದಾಳುತನದಲ್ಲಿ ಸುಲ್ತಾನರ ಕಾಲದ ಗ್ರಂಥಗಳು ಕನ್ನಡವಾದವು! 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ಸಂಪುಟಗಳು ನಮ್ಮ ಮಸೀದಿಗಳ ಪುಸ್ತಕದ ಕಪಾಟುಗಳಲ್ಲಿ, ಉರ್ದು ಶಾಲೆಗಳಲ್ಲಿ, ಅಂಜುಮನ್‌ಗಳಲ್ಲಿ ಎಷ್ಟಿವೆ? ನಾನು ಕೇಳಿದ ನಾಲ್ಕೈದು ಕಡೆ ಇರಲಿಲ್ಲ. ಇದು ನಮಗೇ ಹೇಳಿಕೊಳ್ಳಬೇಕಾದ ಮಾತು.

ಹಾಗಾದರೆ ಹೋದದ್ದೆಲ್ಲ ವಾಪಸು ಬರಬೇಕೆ? ಬಂದರೆ ಸಂತೋಷವೇ. ಆದರೆ ಲಂಡನ್ನಿನ ಹಸ್ತಪ್ರತಿ ಬಿಜಾಪುರಕ್ಕೆ ಬರುವ ದಿನವನ್ನು ನನ್ನ ವಯಸ್ಸಿನವರು ಕಾಣುವುದು ಕಷ್ಟ. ಅಷ್ಟರಲ್ಲಿ ಆಗಬಹುದಾದ ಕೆಲಸ ಬೇರೆ ಇದೆ. ಆ ಚಿತ್ರಗಳ ಒಳ್ಳೆಯ ಪ್ರತಿಗಳು ಊರಿನ ಶಾಲೆಗಳ ಗೋಡೆಯ ಮೇಲೆ ಬರಲಿ. ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನಲ್ಲಿರುವ ಹಳೆಯ ಕೃತಿಗಳ ಛಾಯಾಚಿತ್ರಗಳನ್ನು 2017ರಿಂದ ಯಾರು ಬೇಕಾದರೂ ಬಳಸಲು ಬಿಟ್ಟಿದೆ, ಕಾಸು ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ. ಬಿಜಾಪುರದ ಒಬ್ಬ ಚಿತ್ರಕಲಾ ಮೇಷ್ಟ್ರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ. ಪ್ರವಾಸಕ್ಕೆ ಮಕ್ಕಳನ್ನು ಕರೆತರುವವರು ಗುಮ್ಮಟ ಹತ್ತಿಸುವ ಮೊದಲು ಅರ್ಧ ಗಂಟೆ ನಗಾರಖಾನೆಗೆ ಕೊಡಲಿ. ಒಂದು ಮಾತು ನೆನಪಿರಲಿ, ಈ ಸಂಗ್ರಹಾಲಯಕ್ಕೆ ರಜೆ ಶುಕ್ರವಾರ. ಜುಮಾ ಮುಗಿಸಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟವರು ಬಾಗಿಲಿನ ಬೀಗ ನೋಡಿ ಬರಬೇಕಾದೀತು.

ನಾನು ಹೊರಗೆ ಬಂದಾಗ ಸಂಜೆಯಾಗಿತ್ತು. ಮೆಟ್ಟಿಲ ಮೇಲೆ ಇಬ್ಬರು ಕಾಲೇಜು ಹುಡುಗರು ಮೊಬೈಲು ನೋಡುತ್ತಾ ಕುಳಿತಿದ್ದರು, ಮಾತಿಗೆ ಸಿಕ್ಕರು. ಅವರ ಮೊಬೈಲಿನಲ್ಲೇ ಒಂದು ಚಿತ್ರ ಹುಡುಕಿ ತೋರಿಸಿದೆ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬ ಇಬ್ಬರು ಚಿತ್ರಕಾರರು ಬರೆದದ್ದು, 1982ರಿಂದ ನ್ಯೂಯಾರ್ಕಿನಲ್ಲಿದೆ. ಆದಿಲ್‌ಶಾಹಿ ವಂಶದ ಸುಲ್ತಾನರು ತಲೆಮಾರುಗಳ ಅಂತರ ಮರೆತು ಒಂದೇ ಜಮಖಾನೆಯ ಮೇಲೆ ಕೂಡಿ ಕುಳಿತಿದ್ದಾರೆ. ವಂಶದ ಮೂಲಪುರುಷ ಯೂಸುಫ್‌ನಿಗೆ ಇರಾನಿನ ಷಾ ಇಸ್ಮಾಯಿಲನಿಂದ ರಾಜ್ಯದ ಕೀಲಿಕೈ ಸಿಗುತ್ತಿದೆ. ಹಿನ್ನೆಲೆಯಲ್ಲಿ ಎಂದೋ ಕೈತಪ್ಪಿದ ಸಮುದ್ರ. ಒಂದು ಬದಿಗೆ ಒಬ್ಬ ಹುಡುಗ.

"ಇವನ್ಯಾರ್ರಿ, ಸಣ್ಣಾಂವ?" ಎಂದು ಕೇಳಿದ ಒಬ್ಬ.

ಸಿಕಂದರ್, ಕೊನೆಯವನು ಎಂದೆ. ನಾಲ್ಕು ವರ್ಷಕ್ಕೆ ಪಟ್ಟಕ್ಕೆ ಬಂದವನು, ಈ ಚಿತ್ರ ಬರೆಯುವಾಗ ಅವನಿಗೆ ಹನ್ನೆರಡರ ಆಸುಪಾಸು. ಹದಿನೆಂಟು ತುಂಬುವ ಹೊತ್ತಿಗೆ ಔರಂಗಜೇಬನ ಸೆರೆಯಾಳು, ಮತ್ತೆ ಹೊರಗೆ ಬರಲಿಲ್ಲ. ಅವನ ಗೋರಿ ಎಲ್ಲಿದೆ ಎಂದು ಹುಡುಗ ಕೇಳಿದ. ಇದೇ ಊರಿನಲ್ಲಿ, ಗುಮ್ಮಟವಿಲ್ಲದ ಬಯಲು ಗೋರಿ ಎಂದೆ. ಹುಡುಗ ಎದುರಿನ ಗೋಳಗುಮ್ಮಟವನ್ನೊಮ್ಮೆ ನೋಡಿದ, ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಆ ಸಣ್ಣವನ ಮುಖದ ಮೇಲೆ ನಿಲ್ಲಿಸಿದ. ಮೇಲಿನಿಂದ ಯಾರೋ ಯಾರನ್ನೋ ಕೂಗಿ ಕರೆದ ಸದ್ದು ಸುತ್ತಿ ಸುತ್ತಿ ಬರುತ್ತಿತ್ತು. ಅವನು ಗೆಳೆಯನ ಹೆಗಲು ತಟ್ಟಿ, "ಬಾರಲೇ, ಒಳಗ ಹೋಗಿ ನೋಡೂಣು, ಮುಚ್ಚಾಕ ಇನ್ನೂ ಹತ್ತು ನಿಮಿಷ ಐತಿ" ಎಂದು ಎದ್ದ.